ಮಂದ್ರನಾದ ಬೇರೆ, ಬರಿಯ ಗುಡುಗು ಬೇರೆ



ಕಳೆದ ತಿಂಗಳು ಬೆಳಗಾವಿ ಜಿಲ್ಲೆಯ ಸೋದರಿಯೊಬ್ಬರಿಂದ ನಮಗೊಂದು ಪತ್ರ ಬಂದಿತು. ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮುಗಿಸಿದ್ದಾರೆ. ಪಡಸಾಲೆಯ ಗೋಡೆಗೆ ದೊಡ್ಡ ಟಿ.ವಿ. ಬಂದಿದೆ. ಈಗ ಮಗನಿಗೆ ಹೋಮ್ ಥಿಯೇಟರ್ ಬೇಕು. ಅದರಲ್ಲಿಯೂ ಎದೆ ನಡುಗಿಸುವಂಥ ಸಬ್‌ವೂಫರ್ ಬೇಕು. ಎಂಬತ್ತು ದಾಟಿದ ಮಾವನವರು ಮಾತ್ರ, "ಆ ಗುಡುಗಿನ ಪೆಟ್ಟಿಗೆ ಮನೆಗೆ ಬಂದರೆ ನಾನು ಹೊಲದ ಮನೆಗೆ ಹೋಗುತ್ತೇನೆ" ಎಂದು ಖಂಡಿತವಾಗಿ ಹೇಳಿದ್ದಾರೆ. "ಒಬ್ಬ ಅಂಗಡಿಯವರು ಇಂಚಿನ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ವಾಟಿನ ಲೆಕ್ಕ ಹೇಳುತ್ತಾರೆ. ಯಾವುದನ್ನು ನಂಬಬೇಕು? ಮಗನ ಮನಸ್ಸೂ ನೋಯದಂತೆ, ಮಾವನವರ ಮನಸ್ಸೂ ನೋಯದಂತೆ ಏನು ಮಾಡಬೇಕು?" ಎಂಬುದು ಆ ತಾಯಿಯ ಪ್ರಶ್ನೆ.

ಪ್ರಶ್ನೆ ಯಂತ್ರದ್ದೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಮನೆಮಂದಿ ಒಟ್ಟಿಗೆ ಕುಳಿತುಕೊಳ್ಳುವ ಒಂದೇ ಜಾಗದಲ್ಲಿ ಯಾರು ಕುಳಿತಿರಬೇಕು, ಯಾರು ಎದ್ದು ಹೋಗಬೇಕು ಎಂಬುದೇ ಅದರೊಳಗಿನ ನಿಜವಾದ ಪ್ರಶ್ನೆ. ಇದನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೂ ಇಂಥದೊಂದು ಪೆಟ್ಟಿಗೆ ಬಂದಿತ್ತು. ನಮ್ಮ ತೀರ್ಥರೂಪರು ಶಾಲಾ ಶಿಕ್ಷಕರಾಗಿ ನಿವೃತ್ತರಾದವರು. ಪ್ರಾಯದಲ್ಲಿ ಸ್ವಲ್ಪ ತಬಲಾ ಕಲಿತವರು. ರಾತ್ರಿಯ ಊಟವಾದ ಮೇಲೆ ಪಂಡಿತ ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಯನ್ನೋ ವಚನಗಾಯನವನ್ನೋ ಹಚ್ಚಿಕೊಂಡು ಕುಳಿತರೆ ಅವರ ಸುತ್ತ ನಾವೆಲ್ಲರೂ ಸೇರುತ್ತಿದ್ದೆವು. ಒಂದು ಹಬ್ಬದ ಸಮಯದಲ್ಲಿ ನಾವು ಉತ್ಸಾಹದಿಂದ ಒಂದು ಹೋಮ್ ಥಿಯೇಟರ್ ತಂದೆವು. ಅಂಗಡಿಯಲ್ಲಿ ಅದು ಗಾಜಿನ ಬಾಗಿಲನ್ನೇ ಅದುರಿಸಿತ್ತು, ನಾವು ಮಾರುಹೋಗಿದ್ದೆವು. ಮನೆಗೆ ತಂದು ಮೂಲೆಯಲ್ಲಿಟ್ಟು ಹಚ್ಚಿದ ಮೊದಲನೆಯ ರಾತ್ರಿ ತೀರ್ಥರೂಪರು ಹತ್ತು ನಿಮಿಷ ಕೇಳಿ, "ತಮ್ಮಾ, ಇಂವ ಡಗ್ಗಾ ಬಾರಸ್ತಾನೋ, ಕಾಳಿನ ಚೀಲಾ ಬಡೀತಾನೋ?" ಎಂದರು. ಬೇರೇನನ್ನೂ ಹೇಳಲಿಲ್ಲ. ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತರು. ಮರುದಿನವೂ ಅಲ್ಲಿಯೇ ಕುಳಿತರು. ಹೀಗೆ ತಿಂಗಳುಗಳು ಕಳೆದವು. ನಾವು ಹಣ ಕೊಟ್ಟು ತಂದದ್ದು ಸಂಗೀತವನ್ನಲ್ಲ, ಸಂಗೀತದಿಂದ ಹಿರಿಯರನ್ನು ಎಬ್ಬಿಸಿ ಕಳಿಸುವ ಸಾಧನವನ್ನು ಎಂಬುದು ನಮಗೆ ತಡವಾಗಿ ತಿಳಿಯಿತು. ತಪ್ಪು ಎಲ್ಲಿ ಆಯಿತೆಂದು ಹುಡುಕುತ್ತ ಹೋದಾಗ ಕಲಿತದ್ದನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

ಮಂದ್ರವೆಂದರೆ ಎಷ್ಟು ಕೆಳಗೆ?

ನಾದವೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನಗಳಾಗುತ್ತವೆಯೋ ಅದು ಆ ನಾದದ ಆವೃತ್ತಿ; ಅದರ ಅಳತೆ ಹರ್ಟ್ಜ್. ಮನುಷ್ಯನ ಕಿವಿಗೆ ಸ್ಥೂಲವಾಗಿ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ನಾದ ಕೇಳುತ್ತದೆ. ಇದರ ಅಡಿಯ ಭಾಗವನ್ನು, ಅಂದರೆ ಸುಮಾರು 20ರಿಂದ 100 ಹರ್ಟ್ಜ್‌ವರೆಗಿನ ಮಂದ್ರವನ್ನು ನುಡಿಸುವುದಷ್ಟೇ ಸಬ್‌ವೂಫರ್‌ನ ಕೆಲಸ. ಮಾತು, ಹಾಡು, ಕೊಳಲು, ಪಿಟೀಲು ಇವೆಲ್ಲ ಉಳಿದ ಸ್ಪೀಕರುಗಳ ಪಾಲು.

ಈ ಅಂಕಿಗಳು ಸಂಗೀತದಲ್ಲಿ ಎಲ್ಲಿ ಬರುತ್ತವೆ ಎಂಬುದನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ಷಡ್ಜ ಸುಮಾರು 139 ಹರ್ಟ್ಜ್. ಅವನ ತಂಬೂರಿಯ ಅತಿ ದಪ್ಪನೆಯ ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಜ್. ಪಾಶ್ಚಾತ್ಯ ವಾದ್ಯಗಳಲ್ಲಿ ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಪಿಯಾನೋದ ಕೊನೆಯ ಮನೆ 27.5 ಹರ್ಟ್ಜ್. ಇದಕ್ಕಿಂತ ಕೆಳಗೆ ಸಂಗೀತ ಇಳಿಯುವುದು ಅಪರೂಪ. ಸಿನಿಮಾದ ಮಾತು ಬೇರೆ. ಭೂಕಂಪ, ಸಿಡಿತ, ವಿಮಾನದ ಮೊರೆತ, ದೈತ್ಯಪ್ರಾಣಿಯ ಹೆಜ್ಜೆ ಇವುಗಳಿಗಾಗಿ ಧ್ವನಿತಂತ್ರಜ್ಞರು 20-30 ಹರ್ಟ್ಜ್‌ವರೆಗೂ ಇಳಿಯುತ್ತಾರೆ.

ಚಿತ್ರಮಂದಿರದಲ್ಲಿ ಈ ಆಟ ಹೊಸದೇನಲ್ಲ. 1974ರಲ್ಲಿ ‘ಅರ್ಥ್‌ಕ್ವೇಕ್’ ಎಂಬ ಅಮೆರಿಕದ ಚಿತ್ರಕ್ಕೆ ‘ಸೆನ್ಸರೌಂಡ್’ ಎಂಬ ವ್ಯವಸ್ಥೆಯನ್ನು ತಂದು, ದೊಡ್ಡ ದೊಡ್ಡ ಮಂದ್ರ ಸ್ಪೀಕರುಗಳನ್ನು ಚಿತ್ರಮಂದಿರಗಳಲ್ಲಿ ಇಟ್ಟು ಪ್ರೇಕ್ಷಕರ ಕುರ್ಚಿಗಳನ್ನು ನಡುಗಿಸಿದರು. 1992ರಲ್ಲಿ ಬಂದ ಡಾಲ್ಬಿ ಡಿಜಿಟಲ್ ಪದ್ಧತಿಯಲ್ಲಿ ಮಂದ್ರಕ್ಕೆಂದೇ ಪ್ರತ್ಯೇಕವಾದ ಒಂದು ಧ್ವನಿಪಥವಿತ್ತು. ‘5.1’ ಎಂದು ಪೆಟ್ಟಿಗೆಗಳ ಮೇಲೆ ಬರೆದಿರುತ್ತಾರಲ್ಲ, ಅದರಲ್ಲಿನ 5 ಎಂದರೆ ಪೂರ್ಣ ಸ್ವರವ್ಯಾಪ್ತಿಯ ಐದು ಪಥಗಳು. ಚುಕ್ಕೆಯ ನಂತರದ 1 ಎಂದರೆ 120 ಹರ್ಟ್ಜ್‌ವರೆಗೆ ಮಾತ್ರ ಇರುವ ಈ ಮಂದ್ರ ಪಥ.

ಆದುದರಿಂದ ಮೊದಲು ನಿಮ್ಮ ಮನೆಯಲ್ಲಿ ಕೇಳುವುದು ಏನೆಂದು ನಿಶ್ಚಯಿಸಿರಿ. ವಚನ, ಭಾವಗೀತೆ, ಹಿಂದೂಸ್ತಾನಿ ಸಂಗೀತ, ಧಾರಾವಾಹಿ ಇಷ್ಟೇ ಆದರೆ 40 ಹರ್ಟ್ಜ್‌ವರೆಗೆ ಸ್ವಚ್ಛವಾಗಿ ಇಳಿಯುವ ಪೆಟ್ಟಿಗೆ ಧಾರಾಳವಾಯಿತು. ಸಿನಿಮಾದ ಗುಡುಗೂ ಬೇಕೆಂದರೆ 25 ಹರ್ಟ್ಜ್‌ನ ಆಸುಪಾಸಿಗೆ ಇಳಿಯುವಂಥದು ಬೇಕು. ಬೇಡದ ಆಳಕ್ಕೆ ಹಣ ಸುರಿಯುವುದು ಜಾಣತನವಲ್ಲ.

ಇಂಚು, ವಾಟ್ ಮತ್ತು ಮರೆಮಾಚಿದ ಅಂಕಿ

ಆಳಕ್ಕೆ ಇಳಿಯುವುದು ಏಕೆ ಅಷ್ಟು ದುಬಾರಿ? ಇದಕ್ಕೆ ಎರಡು ಕಾರಣಗಳು. ಮೊದಲನೆಯದು ನಮ್ಮ ಕಿವಿ. ಅದು ಎಲ್ಲ ಆವೃತ್ತಿಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ ಎಂಬುದನ್ನು 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಅಳೆದು ತೋರಿಸಿದರು. 1,000 ಹರ್ಟ್ಜ್‌ನ ನಾದ ಎರಡು ಮೂರು ಡೆಸಿಬಲ್ ಇದ್ದರೂ ಆರೋಗ್ಯವಂತ ಕಿವಿಗೆ ಕೇಳುತ್ತದೆ. 40 ಹರ್ಟ್ಜ್‌ನ ನಾದ ಕೇಳಿಸಬೇಕಾದರೆ 50 ಡೆಸಿಬಲ್ ದಾಟಬೇಕು. 20 ಹರ್ಟ್ಜ್‌ನದು ಕೇಳಿಸಲಿಕ್ಕೇ ಸುಮಾರು 78 ಡೆಸಿಬಲ್ ಬೇಕು. ಎರಡನೆಯದು ಗಾಳಿ. ಅಷ್ಟೇ ಡೆಸಿಬಲ್ ಉಳಿಸಿಕೊಂಡು 40ರಿಂದ 20 ಹರ್ಟ್ಜ್‌ಗೆ ಇಳಿಯಬೇಕಾದರೆ ಸ್ಪೀಕರಿನ ಕಾಗದದ ಶಂಕು ನಾಲ್ಕು ಪಟ್ಟು ಗಾಳಿಯನ್ನು ನೂಕಬೇಕು. ಸಣ್ಣ ಪೆಟ್ಟಿಗೆ ಇದನ್ನು ಮಾಡಲಾರದು. ಮಾಡಲು ಹೋದರೆ ಸ್ವರ ಒಡೆಯುತ್ತದೆ.

ಹಾಗಾದರೆ ಇಂಚು ಮುಖ್ಯವಲ್ಲವೆ? ಮುಖ್ಯವೇ; ಆದರೆ ಅದೊಂದೇ ಅಲ್ಲ. 12 ಇಂಚಿನ ಶಂಕುವಿನ ವಿಸ್ತೀರ್ಣ 8 ಇಂಚಿನದಕ್ಕಿಂತ ಎರಡೂಕಾಲು ಪಟ್ಟು ಹೆಚ್ಚು. ಆದರೆ ಅದು ಹಿಂದೆ ಮುಂದೆ ಎಷ್ಟು ದೂರ ಸರಿಯಬಲ್ಲದು, ಪೆಟ್ಟಿಗೆ ಎಷ್ಟು ಗಟ್ಟಿ, ಒಳಗಿನ ಆಂಪ್ಲಿಫೈಯರ್ ಎಂಥದು ಎಂಬುದನ್ನು ಇಂಚು ಹೇಳುವುದಿಲ್ಲ. ಚೆನ್ನಾಗಿ ಮಾಡಿದ 10 ಇಂಚಿನ ಸಬ್‌ವೂಫರ್ ಅಗ್ಗದ 12 ಇಂಚಿನದನ್ನು ಸೋಲಿಸುವುದುಂಟು.

ವಾಟಿನ ಲೆಕ್ಕವಂತೂ ಇನ್ನೂ ಮೋಸದ್ದು. ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಅದನ್ನು ಓದದೆ ಮುಂದೆ ಹೋಗಿರಿ. ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. ‘ಆರ್‌ಎಂಎಸ್’ ಎಂದಿರುವ ವಾಟ್ ಮಾತ್ರ ಗಣನೀಯ. ಅಲ್ಲಿಯೂ ಒಂದು ಮಾತು ನೆನಪಿರಲಿ: ವಾಟ್ ಇಮ್ಮಡಿಯಾದರೆ ಧ್ವನಿ 3 ಡೆಸಿಬಲ್ ಮಾತ್ರ ಏರುತ್ತದೆ. 200 ಮತ್ತು 250 ವಾಟಿನ ನಡುವಿನ ಅಂತರ ಕೇವಲ 1 ಡೆಸಿಬಲ್. ಅಷ್ಟಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಕೆ?

ನಿಜವಾಗಿ ನೋಡಬೇಕಾದದ್ದು ಆವೃತ್ತಿಯ ವ್ಯಾಪ್ತಿಯನ್ನು. ಅದನ್ನೂ ಪೂರ್ಣವಾಗಿ ನೋಡಬೇಕು. ‘20-200 ಹರ್ಟ್ಜ್’ ಎಂದಷ್ಟೇ ಬರೆದಿದ್ದರೆ ಅದು ಅರ್ಧ ವಾಕ್ಯ. 20 ಹರ್ಟ್ಜ್‌ನಲ್ಲಿ ಧ್ವನಿ ಎಷ್ಟು ಕುಗ್ಗಿರುತ್ತದೆ ಎಂಬುದು ಮರೆಯಾಗಿದೆ. ‘25-150 ಹರ್ಟ್ಜ್, 3 ಡೆಸಿಬಲ್ ಹೆಚ್ಚು-ಕಡಿಮೆಯೊಳಗೆ’ ಎಂದಿದ್ದರೆ ಅದು ಪೂರ್ಣ ವಾಕ್ಯ; ಆ ವ್ಯಾಪ್ತಿಯೊಳಗೆ ಧ್ವನಿ ಹೆಚ್ಚುಕಡಿಮೆ ಸಮವಾಗಿದೆ ಎಂದರ್ಥ. ಕೆಲವರು 10 ಡೆಸಿಬಲ್ ಕುಗ್ಗಿದ ಜಾಗವನ್ನೇ ಕೊನೆಯ ಅಂಕಿಯೆಂದು ಬರೆಯುತ್ತಾರೆ. 10 ಡೆಸಿಬಲ್ ಕುಗ್ಗುವುದೆಂದರೆ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿದಂತೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿಗೆ ಅಮೆರಿಕದ ‘ಸಿಇಎ-2010’ ಎಂಬ ಮಾನದಂಡವಿದೆ. ಈಗ ಅದನ್ನು ‘ಸಿಟಿಎ-2010’ ಎನ್ನುತ್ತಾರೆ. ಇದರಲ್ಲಿ 20, 25, 31.5, 40, 50, 63 ಹರ್ಟ್ಜ್ ಹೀಗೆ ಒಂದೊಂದು ಮೆಟ್ಟಿಲಿನಲ್ಲಿಯೂ ಸಣ್ಣ ನಾದದ ತುಣುಕನ್ನು ನುಡಿಸಿ, ಸ್ವರ ನಿಗದಿತ ಮಿತಿ ಮೀರಿ ಒಡೆಯುವ ಮೊದಲು ಎಷ್ಟು ಡೆಸಿಬಲ್ ಬರುತ್ತದೆ ಎಂದು ಅಳೆಯುತ್ತಾರೆ. ಎಷ್ಟು ಕೆಳಗೆ, ಎಷ್ಟು ಗಟ್ಟಿಯಾಗಿ, ಎಷ್ಟು ಸ್ವಚ್ಛವಾಗಿ ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗುತ್ತದೆ. ಆದರೆ ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಇಬ್ಬರೂ ಒಂದೇ ರೀತಿ ಅಳೆದಿದ್ದಾರೆಯೇ ಎಂಬುದನ್ನು ನೋಡಿಕೊಳ್ಳಿರಿ. ಒಬ್ಬರು 1 ಮೀಟರ್ ದೂರಕ್ಕೆ ಶಿಖರಮಾನವನ್ನೂ ಇನ್ನೊಬ್ಬರು 2 ಮೀಟರ್ ದೂರಕ್ಕೆ ಆರ್‌ಎಂಎಸ್ ಮಾನವನ್ನೂ ಬರೆದಿದ್ದರೆ ಅದರಲ್ಲಿಯೇ 9 ಡೆಸಿಬಲ್ ವ್ಯತ್ಯಾಸ ಬಂದುಬಿಡುತ್ತದೆ.

ಪೆಟ್ಟಿಗೆಯ ಜಾತಿ ಮೂರು

ಸಬ್‌ವೂಫರ್ ಪೆಟ್ಟಿಗೆಗಳಲ್ಲಿ ಪೂರ್ತಿ ಮುಚ್ಚಿದ್ದು ಒಂದು ಬಗೆ. ಇದು ಚಿಕ್ಕದಾಗಿ ಮಾಡಲು ಬರುತ್ತದೆ. ತನ್ನ ಮಿತಿಯ ಕೆಳಗೆ ಇದರ ಧ್ವನಿ ಒಮ್ಮೆಲೇ ಕುಸಿಯದೆ ಮೆಲ್ಲಗೆ, ಒಂದು ಸ್ಥಾಯಿಗೆ 12 ಡೆಸಿಬಲ್‌ನಂತೆ ಇಳಿಯುತ್ತದೆ. ಸಣ್ಣ ಕೋಣೆ ಮಂದ್ರಕ್ಕೆ ತಾನಾಗಿಯೇ ಸ್ವಲ್ಪ ಒತ್ತು ಕೊಡುವುದರಿಂದ ಅಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಎರಡನೆಯದು ಗಾಳಿಯಾಡಲು ಕೊಳವೆಯಿರುವ ಪೆಟ್ಟಿಗೆ. ಕೊಳವೆಯನ್ನು ಯಾವ ಆವೃತ್ತಿಗೆ ಶ್ರುತಿ ಮಾಡಿರುತ್ತಾರೋ ಅಲ್ಲಿಯವರೆಗೆ ಇದು ಕಡಿಮೆ ಶ್ರಮದಲ್ಲಿ ಹೆಚ್ಚು ಧ್ವನಿ ಕೊಡುತ್ತದೆ. ಅದರ ಕೆಳಗೆ ಸ್ಥಾಯಿಗೆ 24 ಡೆಸಿಬಲ್‌ನಂತೆ ಧಡಕ್ಕನೆ ಬೀಳುತ್ತದೆ. ಸಿನಿಮಾ ಪ್ರಿಯರಿಗೆ, ದೊಡ್ಡ ಪಡಸಾಲೆಗೆ ಇದು ತಕ್ಕದ್ದು. ಗಾತ್ರ ಮಾತ್ರ ದೊಡ್ಡದು. ಕೊಳವೆಯ ಬಾಯಿಗೆ ತೆಳುವಾದ ಜಾಳಿಗೆ ಇಲ್ಲದಿದ್ದರೆ ಇಲಿ, ಹಲ್ಲಿ, ಜಿರಲೆಗಳು ಸಂಸಾರ ಹೂಡುತ್ತವೆ ಎಂಬುದನ್ನೂ ಗೃಹಿಣಿಯರು ಗಮನಿಸಬೇಕು.

ಮೂರನೆಯದು ನಾವು ಮೋಸಹೋದ ಜಾತಿ. ಸ್ಪೀಕರನ್ನು ಪೆಟ್ಟಿಗೆಯೊಳಗೆ ಹುದುಗಿಸಿ ಕೊಳವೆಯಿಂದ ಮಾತ್ರ ಧ್ವನಿ ಹೊರಡಿಸುವ ಈ ಕ್ರಮವನ್ನು ಅಗ್ಗದ ಸೆಟ್‌ಗಳಲ್ಲಿ ಹೆಚ್ಚಾಗಿ ಬಳಸುತ್ತಾರೆ. ಇಂಥ ಅಗ್ಗದ ಪೆಟ್ಟಿಗೆ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಅಬ್ಬರಿಸುತ್ತದೆ. ಡಗ್ಗದ ಮೇಲೆ ಅಂಗೈ ಒತ್ತಿ ಎಳೆದಾಗ ಬರುವ ಮೀಂಡಿನಲ್ಲಿ ನಾದ ಜಾರುತ್ತ ಹೋಗಬೇಕಷ್ಟೆ? ಈ ಪೆಟ್ಟಿಗೆಯಲ್ಲಿ ಅದು ಎಲ್ಲಿಂದ ಎಲ್ಲಿಗೆ ಹೋದರೂ ‘ಧುಂ’ ಎಂಬ ಒಂದೇ ಸದ್ದು. ತೀರ್ಥರೂಪರಿಗೆ ಕಾಳಿನ ಚೀಲ ನೆನಪಾದದ್ದು ಸುಮ್ಮನೆ ಅಲ್ಲ. ಬರಿದಾದ ಕೊಡಕ್ಕೇ ಸದ್ದು ಹೆಚ್ಚು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ನಿಮ್ಮ ಪಡಸಾಲೆಯೂ ಒಂದು ವಾದ್ಯ

ಕೊನೆಗೆ ಆ ಸೆಟ್ಟನ್ನು ಬದಲಾಯಿಸಿ, 10 ಇಂಚಿನ ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ತಂದೆವು. ಆದರೂ ಗುಂಯ್‌ಗುಡುವಿಕೆ ಪೂರ್ತಿ ಹೋಗಲಿಲ್ಲ. ಆಗ ತಿಳಿದದ್ದು, ಮಂದ್ರದ ವಿಷಯದಲ್ಲಿ ಪೆಟ್ಟಿಗೆಯಷ್ಟೇ ಕೋಣೆಯೂ ನುಡಿಯುತ್ತದೆ ಎಂಬ ಸತ್ಯ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,130 ಅಡಿ ಸಾಗುತ್ತದೆ. 20 ಹರ್ಟ್ಜ್‌ನ ಒಂದು ಅಲೆಯ ಉದ್ದ 56 ಅಡಿ. 40 ಹರ್ಟ್ಜ್‌ನದು 28 ಅಡಿ. ಇಂಥ ಉದ್ದನೆಯ ಅಲೆಗಳು ನಮ್ಮ ಕೋಣೆಗಳಲ್ಲಿ ಎದುರುಬದುರು ಗೋಡೆಗಳಿಗೆ ಬಡಿದು ಒಂದರ ಮೇಲೊಂದು ಕೂಡಿ, ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ನಿಂತ ಅಲೆಗಳಾಗುತ್ತವೆ. ಆ ಆವೃತ್ತಿಯನ್ನು ಕಂಡುಹಿಡಿಯಲು ಒಂದು ಸುಲಭದ ಲೆಕ್ಕವಿದೆ: 565ನ್ನು ಕೋಣೆಯ ಅಡಿಯಿಂದ ಭಾಗಿಸಿರಿ. ನಮ್ಮ ಪಡಸಾಲೆ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಉದ್ದಕ್ಕೆ 35 ಹರ್ಟ್ಜ್, ಅಗಲಕ್ಕೆ 47, ಎತ್ತರಕ್ಕೆ 56. ಇವುಗಳ ಇಮ್ಮಡಿ, ಮುಮ್ಮಡಿಗಳಲ್ಲಿಯೂ ಅದೇ ಪರಿಣಾಮ. ಅಂದರೆ ನಮ್ಮ ಪಡಸಾಲೆಯ ಉದ್ದದ ಎರಡನೆಯ ಆವೃತ್ತಿ ಸುಮಾರು 70 ಹರ್ಟ್ಜ್. ಖರ್ಜದ ತಂತಿಯ 69 ಹರ್ಟ್ಜ್‌ಗೆ ಎಷ್ಟು ಹತ್ತಿರ ನೋಡಿರಿ! ತಂಬೂರಿ ಮಿಡಿದಾಗಲೆಲ್ಲ ಕೋಣೆ ತಾನೂ ಮೊರೆಯುತ್ತಿತ್ತು.

ಅಲೆ ಗೋಡೆಯ ಬಳಿ ಅತಿ ಜೋರು. ನಡುವೆ ಕೆಲವು ಕಡೆ ಅತಿ ಕ್ಷೀಣ. ತೀರ್ಥರೂಪರ ಕುರ್ಚಿ ಹಿಂದಿನ ಗೋಡೆಗೆ ಅಂಟಿಕೊಂಡೇ ಇತ್ತು. ಮನೆಯಲ್ಲಿ ಅತಿ ಹೆಚ್ಚು ಗುಂಯ್‌ಗುಡುವ ಜಾಗ ಅದೇ. ಕೋಣೆಯ ಉದ್ದದ ಸರಿಯಾದ ನಡುಮಧ್ಯದಲ್ಲಿ ಕುಳಿತರೆ ತದ್ವಿರುದ್ಧ. ಅಲ್ಲಿ 35 ಹರ್ಟ್ಜ್ ಕೇಳಿಸುವುದೇ ಇಲ್ಲ. ಒಂದೇ ಕೋಣೆಯಲ್ಲಿ ಒಬ್ಬರಿಗೆ ಗುಡುಗು, ಇನ್ನೊಬ್ಬರಿಗೆ ಮೌನ! ನಾವು ಕುರ್ಚಿಯನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ ಸರಿಸಿದೆವು. ಒಂದು ರೂಪಾಯಿಯೂ ಖರ್ಚಿಲ್ಲದೆ ಅರ್ಧ ರೋಗ ವಾಸಿಯಾಯಿತು. ಇಟ್ಟಿಗೆ, ಕಾಂಕ್ರೀಟಿನ ನಮ್ಮ ಮನೆಗಳು ಮಂದ್ರವನ್ನು ಹೆಚ್ಚಾಗಿ ಹಿಂದಿರುಗಿಸುವುದರಿಂದ ಈ ಬಾಧೆ ನಮ್ಮಲ್ಲಿ ತೀವ್ರ. ಉದ್ದ-ಅಗಲ ಸಮವಾದ ಚೌಕ ಕೋಣೆಯಲ್ಲಿ ಎರಡು ಆವೃತ್ತಿಗಳು ಒಂದೇ ಕಡೆ ಬೀಳುವುದರಿಂದ ಮತ್ತಷ್ಟು ತೀವ್ರ.

ಸಬ್‌ವೂಫರ್ ಎಲ್ಲಿಡಬೇಕೆಂಬುದಕ್ಕೂ ಒಂದು ಉಪಾಯವಿದೆ. ಪೆಟ್ಟಿಗೆಯನ್ನು ನೀವು ಕುಳಿತುಕೊಳ್ಳುವ ಜಾಗದಲ್ಲಿಯೇ ಇಟ್ಟು, ಮಂದ್ರವಿರುವ ಒಂದು ಹಾಡನ್ನು ಹಚ್ಚಿ, ಗೋಡೆಯ ಗುಂಟ ಮೊಳಕಾಲೂರಿ ತೆವಳುತ್ತ ಕೇಳುತ್ತ ಹೋಗಿರಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆಯೋ ಅಲ್ಲಿ ಪೆಟ್ಟಿಗೆಯನ್ನಿಡಿರಿ. ಒಂದು ಭಾನುವಾರ ನಾವು ಹೀಗೆ ತೆವಳುತ್ತಿದ್ದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನಗುವಿನ ಸದ್ದಿಗೆ ಕಟ್ಟೆಯ ಮೇಲಿದ್ದ ತೀರ್ಥರೂಪರು ಒಳಗೆ ಬಂದು, ನಮ್ಮ ಅವಸ್ಥೆ ಕಂಡು ತಾವೂ ನಕ್ಕರು. ಎಷ್ಟೋ ದಿನಗಳ ನಂತರ ಆ ಹೊತ್ತಿನಲ್ಲಿ ಅವರು ಪಡಸಾಲೆಗೆ ಬಂದದ್ದು ಅದೇ ಮೊದಲು. "ಮೂಲ್ಯಾಗಿಂದ ತೆಗಿ. ಅಲ್ಲಿ ಬರೇ ಸೊಕ್ಕು ಐತಿ, ಸ್ವರಾ ಇಲ್ಲ" ಎಂದು ತೀರ್ಪು ಕೊಟ್ಟವರೂ ಅವರೇ. ಅಳತೆಯ ಉಪಕರಣ ಹೇಳಬಹುದಾದದ್ದನ್ನು ಅಭ್ಯಾಸವಾದ ಕಿವಿ ಒಂದು ಮಾತಿನಲ್ಲಿ ಹೇಳಿಬಿಟ್ಟಿತು.

ಹಲವರು ಕುಳಿತು ಕೇಳುವ ಮನೆಯಲ್ಲಿ, ಅನುಕೂಲವಿದ್ದರೆ, ಒಂದು ದೊಡ್ಡದರ ಬದಲು ಎರಡು ಸಾಧಾರಣ ಸಬ್‌ವೂಫರ್‌ಗಳನ್ನು ಎದುರುಬದುರು ಗೋಡೆಗಳ ಮಧ್ಯದಲ್ಲಿ ಇಡುವುದು ಉತ್ತಮ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂಬ ತಾರತಮ್ಯ ಬಹಳ ಮಟ್ಟಿಗೆ ತಗ್ಗುತ್ತದೆ. ಈಗಿನ ರಿಸೀವರುಗಳ ಜೊತೆ ಮೈಕ್ ಕೊಟ್ಟು ಕೋಣೆಯನ್ನು ತಾನೇ ಅಳೆದು ತಿದ್ದುವ ಸೌಲಭ್ಯವೂ ಇರುತ್ತದೆ. ಅದು ಉಬ್ಬನ್ನು ತಗ್ಗಿಸಬಲ್ಲದು. ಅಲೆಯೇ ಇಲ್ಲದ ಜಾಗದ ಹಳ್ಳವನ್ನು ತುಂಬಲಾರದು. ಆದುದರಿಂದ ಮೊದಲು ಜಾಗ, ಆಮೇಲೆ ತಿದ್ದುಪಡಿ.

ಅಡುಗೆಗೆ ಉಪ್ಪಿನಂತೆ

ಪೆಟ್ಟಿಗೆಯ ಹಿಂದೆ ಎರಡು ತಿರುಪುಗಳಿರುತ್ತವೆ. ಒಂದು ಎಷ್ಟು ಹರ್ಟ್ಜ್‌ವರೆಗೆ ಅದು ನುಡಿಯಬೇಕೆಂಬುದು. ಇನ್ನೊಂದು ಎಷ್ಟು ಜೋರಾಗಿ ಎಂಬುದು. ಮೊದಲನೆಯದಕ್ಕೆ 80 ಹರ್ಟ್ಜ್ ಬಹುಕಾಲದಿಂದ ಒಪ್ಪಿತವಾದ ಗೆರೆ. ಅದರ ಕೆಳಗಿನ ನಾದ ಯಾವ ದಿಕ್ಕಿನಿಂದ ಬಂದಿತೆಂದು ಕಿವಿಗೆ ಹೊಳೆಯುವುದಿಲ್ಲ. ಪೆಟ್ಟಿಗೆ ಎಲ್ಲಿದ್ದರೂ ನಾದ ಗಾಯಕನ ಬಳಿಯಿಂದಲೇ ಬಂದಂತೆ ತೋರುತ್ತದೆ. ಗೆರೆಯನ್ನು 150ಕ್ಕೆ ಏರಿಸಿದರೆ ಗಂಡು ದನಿ ಮೂಲೆಯ ಪೆಟ್ಟಿಗೆಯಿಂದ ಹೊರಟು ಮಡಕೆಯೊಳಗೆ ಮಾತನಾಡಿದಂತಾಗುತ್ತದೆ. ತೀರ ಸಣ್ಣ ಸ್ಪೀಕರುಗಳಿರುವ ಸೆಟ್‌ಗಳಲ್ಲಿ ಈ ಗೆರೆಯನ್ನು ಏರಿಸಲೇಬೇಕಾಗುತ್ತದೆ. ಆದುದರಿಂದ ಸಬ್‌ವೂಫರ್ ಎಷ್ಟು ಒಳ್ಳೆಯದೋ ಉಳಿದ ಸ್ಪೀಕರುಗಳೂ ಅಷ್ಟು ಸಮರ್ಥವಾಗಿರಬೇಕು.

ಜೋರಿನ ತಿರುಪಿನ ವಿಷಯದಲ್ಲಿ ಅಡುಗೆಯ ಉಪ್ಪೇ ಗುರು. ಇದ್ದಾಗ ‘ಉಪ್ಪಿದೆ’ ಎನ್ನಿಸಬಾರದು. ಇಲ್ಲದಾಗ ಕೊರತೆ ತಿಳಿಯಬೇಕು. ಸಬ್‌ವೂಫರನ್ನು ನಿಲ್ಲಿಸಿದಾಗ ಮಾತ್ರ "ಏನೋ ಬಿಟ್ಟುಹೋಯಿತಲ್ಲ" ಎನ್ನಿಸಿದರೆ ಹದ ಸರಿಯಾಗಿದೆ ಎಂದು ತಿಳಿಯಿರಿ.

ಗೋಡೆಯ ಆಚೆಯವರು

ಗೋಡೆ ಮಾತನ್ನು ತಡೆಯುವಷ್ಟು ಮಂದ್ರವನ್ನು ತಡೆಯದು. ನಿಮ್ಮ ಮನೆಯ ಸಂಭಾಷಣೆ ನೆರೆಯವರಿಗೆ ಕೇಳದಿದ್ದರೂ ಗುಡುಗು ಅವರ ತೊಟ್ಟಿಲಿನವರೆಗೆ ಹೋಗುತ್ತದೆ. ಭಾರತ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ. ಖಾಸಗಿ ಧ್ವನಿಸಾಧನದ ಸದ್ದು ನಿಮ್ಮ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚಾಗಿ ಮೀರಕೂಡದು. ಆದರೆ ಕಾನೂನಿನ ಈ ಅಳತೆ ಕಿವಿಯ ಸ್ವಭಾವಕ್ಕೆ ಅನುಸಾರವಾಗಿ ಮಂದ್ರವನ್ನು ಬಹಳ ಕಡಿಮೆ ಎಣಿಸುತ್ತದೆ: 63 ಹರ್ಟ್ಜ್‌ನಲ್ಲಿ 26 ಡೆಸಿಬಲ್, 31.5 ಹರ್ಟ್ಜ್‌ನಲ್ಲಿ 39 ಡೆಸಿಬಲ್ ಕಳೆದು ಲೆಕ್ಕ ಹಿಡಿಯುತ್ತದೆ. ಮಾಪಕ ‘ಸರಿಯಾಗಿದೆ’ ಎಂದರೂ ಪಕ್ಕದ ಮನೆಯ ಕಿಟಕಿ ಅದುರುತ್ತಿರಬಹುದು. ಆದ್ದರಿಂದ ಒಮ್ಮೆ ನೆರೆಯವರ ಮನೆಗೆ ತಾವೇ ಹೋಗಿ ನಿಂತು ಕೇಳಿ ಬರುವುದು ಎಲ್ಲ ಮಾಪಕಗಳಿಗಿಂತ ಮೇಲು. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರಿನ ಹಾಸು ಹಾಕಿರಿ. ಅದು ನೆಲದ ಮೂಲಕ ಹೋಗುವ ನಡುಕವನ್ನಷ್ಟೇ ತಗ್ಗಿಸುತ್ತದೆ ಎಂಬುದನ್ನು ಮರೆಯಬೇಡಿರಿ. ರಾತ್ರಿ ಹೊತ್ತು ರಿಸೀವರಿನ ‘ನೈಟ್ ಮೋಡ್’ ಬಳಸಿದರೆ ಮಾತು ಸ್ಪಷ್ಟವಾಗಿ ಉಳಿದು ಸಿಡಿತಗಳು ತಗ್ಗುತ್ತವೆ.

ಅಂಗಡಿಗೆ ಹೋದಾಗ

ಅಂಗಡಿಯವರು ಹಚ್ಚಿ ತೋರಿಸುವ ಸಿಡಿತದ ದೃಶ್ಯಕ್ಕೆ ಮರುಳಾಗಬೇಡಿರಿ. ನಿಮಗೆ ಚಿರಪರಿಚಿತವಾದ ತಬಲಾ ಅಥವಾ ವಚನಗಾಯನದ ಧ್ವನಿಮುದ್ರಿಕೆಯನ್ನು ಜೊತೆಗೆ ಒಯ್ಯಿರಿ. ಡಗ್ಗದ ಪ್ರತಿಯೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಬೇಕು. ಪೆಟ್ಟು ನಿಂತ ಕೂಡಲೇ ನಾದವೂ ನಿಲ್ಲಬೇಕು. 20ರಿಂದ 100 ಹರ್ಟ್ಜ್‌ವರೆಗೆ ಮೆಲ್ಲಗೆ ಏರುವ ಪರೀಕ್ಷಾ ನಾದವನ್ನು ನುಡಿಸಲು ಹೇಳಿ, ಎಲ್ಲಿಂದ ಕೇಳಲಾರಂಭಿಸಿತು, ಎಲ್ಲಿ ಹಠಾತ್ತಾಗಿ ಅಬ್ಬರಿಸಿತು ಎಂಬುದನ್ನು ಗಮನಿಸಿರಿ. ಗಂಡು ದನಿಯ ವಾರ್ತೆಯನ್ನು ಹಚ್ಚಿಸಿ, ಪೆಟ್ಟಿಗೆ ಸುಮ್ಮನಿರಬೇಕು. ಅಂಗಡಿಯ ಕೋಣೆ ನಿಮ್ಮದಲ್ಲವಾದ್ದರಿಂದ, ಮನೆಯಲ್ಲಿ ಕೆಲವು ದಿನ ಇಟ್ಟು ಕೇಳಿ ಹಿಂತಿರುಗಿಸುವ ಅವಕಾಶವನ್ನು ಕೇಳಿಯೇ ಹಣ ಕೊಡಿರಿ. ಮತ್ತು ಹಾಸಿಗೆ ಇದ್ದಷ್ಟೇ ಕಾಲು ಚಾಚಿರಿ.

ಈಗ ಆ ಸೋದರಿಯವರಿಗೆ ನಮ್ಮ ಉತ್ತರ. ತಾಯೀ, ನಿಮ್ಮ ಮಗನ ಆಸೆ ತಪ್ಪಲ್ಲ. ಮಾವನವರ ಭಯವೂ ತಪ್ಪಲ್ಲ. ಅವರಿಬ್ಬರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತನಾಡುತ್ತಿದ್ದಾರೆ ಅಷ್ಟೆ. ಮಗ ಬಯಸುವುದು ಆಳವನ್ನು. ಮಾವನವರು ಅಂಜುವುದು ಅಬ್ಬರಕ್ಕೆ. ಒಳ್ಳೆಯ ಸಬ್‌ವೂಫರ್‌ನಲ್ಲಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಪಡಸಾಲೆಯ ಉದ್ದಗಲಗಳನ್ನು ಅಳೆದುಕೊಳ್ಳಿರಿ. ಮುಚ್ಚಿದ ಪೆಟ್ಟಿಗೆಯ, 25-30 ಹರ್ಟ್ಜ್‌ವರೆಗೆ 3 ಡೆಸಿಬಲ್ ಮಿತಿಯೊಳಗೆ ಇಳಿಯುವುದೊಂದನ್ನು ಹುಡುಕಿರಿ. ಅಂಗಡಿಗೆ ಹೋಗುವಾಗ ಮಗನ ಜೊತೆಗೆ ಮಾವನವರನ್ನೂ ಕರೆದುಕೊಂಡು ಹೋಗಿ, ಅವರ ಇಷ್ಟದ ಹಾಡನ್ನೇ ಮೊದಲು ಹಚ್ಚಿಸಿರಿ. ಅವರು ಎದ್ದು ಹೊರಗೆ ಹೋಗದ ಪೆಟ್ಟಿಗೆಯೇ ನಿಮ್ಮ ಮನೆಗೆ ತಕ್ಕ ಪೆಟ್ಟಿಗೆ.

ನಮ್ಮ ತೀರ್ಥರೂಪರು ಇಂದು ನಮ್ಮೊಡನಿಲ್ಲ. ಕೊನೆಯ ಮೂರು ವರ್ಷ ಪ್ರತಿ ರಾತ್ರಿ ಅವರು ಪಡಸಾಲೆಯಲ್ಲಿಯೇ ಕುಳಿತು, ಕುರ್ಚಿಯ ಕೈಯ ಮೇಲೆ ಬೆರಳಿನಿಂದ ಠೇಕಾ ಹಾಕುತ್ತ ಕೇಳಿದರು. ಆ ಕುರ್ಚಿ ಇನ್ನೂ ಗೋಡೆಯಿಂದ ಮೂರು ಅಡಿ ಮುಂದೆಯೇ ಇದೆ. ಕಸ ಗುಡಿಸುವಾಗ ಸರಿಸಿದರೂ ಮತ್ತೆ ಅಲ್ಲಿಯೇ ತಂದಿಡುತ್ತೇವೆ.

ನಿಮ್ಮ ಅನುಭವಗಳನ್ನೂ ಪ್ರಶ್ನೆಗಳನ್ನೂ ಎಂದಿನಂತೆ ಬರೆದು ಕಳಿಸಿರಿ. ಮುಂದಿನ ತಿಂಗಳು ಮತ್ತೆ ಕಾಣೋಣ.